ಇನ್ನ್ ಅವಧಿ

ವಿದ್ಯಾನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ
ಪುಟಕ್ಕೆ ನಲವತ್ತು ರೂಪಾಯಿಗೆ
ಮಲಯಾಳವನ್ನು ಕನ್ನಡ ಮಾಡುವವನು ನಾನು.
ಕನ್ನಡವನ್ನು ಮಲಯಾಳ ಮಾಡಲು ಐವತ್ತು.
ಅದು ಏರುದಾರಿ.

ಬೇಬಿ ಮೆಂಡನ್, ಐವತ್ತೊಂದು,
ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿ ಬಂದಳು.
ಹುಟ್ಟಿದ್ದು ಮಲ್ಪೆ, ಕೊಟ್ಟದ್ದು ಉಪ್ಪಳ,
ಓದಿದ್ದು ಕನ್ನಡ ಏಳನೇ ಕ್ಲಾಸು.
ಮೀನು ಎಣಿಸುವಷ್ಟು ಮಲಯಾಳ ಬರುತ್ತದೆ,
ನೂರರ ಆಚೆ ಇಲ್ಲ.

ಬಿಸುವಿನ ಮರುದಿನ. ಹೆದ್ದಾರಿ ಅಗಲವಾಗುತ್ತಿತ್ತು.
ಎಡಕ್ಕಿದ್ದ ದಾರಿ ರಾತ್ರೋರಾತ್ರಿ ಬಲಕ್ಕೆ ಹೋಗಿತ್ತು.
ಹಿಂದಕ್ಕೆ ಬಂದ ಟಿಪ್ಪರಿನವನಿಗೆ
ಬೂತಾಯಿಯ ಬುಟ್ಟಿ ಕಂಡಿತಂತೆ,
ಬುಟ್ಟಿಯ ಕೆಳಗಿನ ಹೆಂಗಸು ಕಾಣಲಿಲ್ಲವಂತೆ.
ದೇರಳಕಟ್ಟೆಯಲ್ಲಿ ಮೊಣಕಾಲಿಗೆ ಕಂಬಿ.
ಪೆಟ್ಟು ಕೇರಳದ್ದು, ಪಟ್ಟಿ ಕರ್ನಾಟಕದ್ದು.
ಪೊಲೀಸರ ಕಾಗದ ಮಲಯಾಳ,
ಆಸ್ಪತ್ರೆಯದ್ದು ಇಂಗ್ಲಿಷು,
ನೋವು ಮಾತ್ರ ತುಳು.

ಫೈಲಿನ ಬೆನ್ನಿಗೆ ವಕೀಲರ ಜೂನಿಯರ್
ಪೆನ್ಸಿಲಿನಲ್ಲಿ ಗೀಚಿದ ಒಂದು ಪದ.
"ಇದೊಂದು ಓದಿ ಹೇಳಿ ಮಾರಾಯ್ರೆ."
ಓದಿದೆ: ಕಾಲಹರಣಪ್ಪೆಟ್ಟು.
"ಹೌದು," ಅಂದಳು, "ಕಾಲಿಗೇ ಪೆಟ್ಟು.
ಹರಣ ಹೋಗಲಿಲ್ಲ, ಅಷ್ಟು ಪುಣ್ಯ."

ಚಹಾ ತರಿಸಿದೆ. ಬೇರೇನು ಮಾಡಲಿ?
ವಾಯಿದೆ ತೀರಿತು ಎಂಬುದಕ್ಕೆ ಆ ಭಾಷೆಯ ಮಾತು ಅದು.
ನಾವು ಅದನ್ನೇ ಕಟ್ಟೆಯಲ್ಲಿ ಕೂತು ಹರಟುವವರಿಗೆ ಹೇಳುತ್ತೇವೆ.
ಇವಳು ಒಂದು ದಿನ ಕಾಲಹರಣ ಮಾಡಿದವಳಲ್ಲ.
ಎರಡು ತಿಂಗಳು ಮಂಚ.
ಆಟಿಯಲ್ಲಿ ಗೋಡೆ ಹಿಡಿದು ನಡೆಯಲು ಕಲಿತಳು.
ಸೋಣದಲ್ಲಿ, ಕಾಲು ನೀಡಿ ಕೂತು,
ಬೇರೆಯವರು ತಂದ ಮೀನು ಕೊಯ್ದು ಕೊಟ್ಟಳು.

ಆರು ತಿಂಗಳು ಹನ್ನೊಂದು ದಿನ,
ಬೆರಳು ಮಡಚಿ ತೋರಿಸಿದೆ. ಕಾನೂನಿಗೆ ಆರೇ ಸಾಕು.
"ಮೀನಿನ ವಾಯಿದೆ ಕಿವಿರು ಎತ್ತಿದರೆ ಗೊತ್ತಾಗ್ತದೆ.
ಗಾಯದ್ದು ಎಲ್ಲಿ ಎತ್ತಿ ನೋಡುವುದು?"

ಚಹಾ ಆರಿದ ಮೇಲೆ ಹೇಳಿದಳು:
"ಅಲ್ಲ, ನಾನು ಬಂದಿದ್ದೆ.
ಓಣದ ವಾರ. ಆಟೋದವನಿಗೆ ಏಳುನೂರು ಕೊಟ್ಟು.
ಗೇಟು ಹಾಕಿತ್ತು. ಕಾವಲಿನವ ಕೈಯಾಡಿಸಿ
'ಇನ್ನ್ ಅವಧಿ' ಅಂದ.
ಇನ್ನೂ ಅವಧಿ ಉಂಟಲ್ಲ, ಸಾಕು,
ಅಂತ ಸಮಾಧಾನದಲ್ಲಿ ಹೋದೆ.
ಬಸ್ಸಿನಲ್ಲೇ ಹೋದೆ."

ಕಾವಲಿನವ ಹೇಳಿದ್ದು: ಇವತ್ತು ರಜೆ.

ಸುಳ್ಳು ಹೇಳಿದವರು ಯಾರೂ ಇಲ್ಲ.
ನಡುವೆ ಇದ್ದದ್ದು ಒಂದು ಕೊಂಬಿನ ದೀರ್ಘ.

ಈಗ ತಡವಾದದ್ದಕ್ಕೆ ಕಾರಣ ಬರೆಯಬೇಕು,
ಕೋರ್ಟಿಗೆ ತಿಳಿಯುವ ಮಾತಿನಲ್ಲಿ.
ಬರೆದೆ: ಕಾವಲುಗಾರ 'ಇನ್ನ್ ಅವಧಿ' ಎಂದನು,
ಅರ್ಜಿದಾರಳು ಮರಳಿದಳು.
ಓದಿದರೆ ಎಲ್ಲ ನೆಟ್ಟಗೇ ಇದೆ.
ರಜೆ ಎಂದ, ಮರಳಿದಳು. ಇದರಲ್ಲಿ ಏನು ವಿಶೇಷ?
ಮರುವಾರ ಯಾಕೆ ಬರಲಿಲ್ಲ, ಎಂದಾರು ಕನ್ನಡಕದ ಮೇಲಿಂದ.
ಅವಳ ತಪ್ಪು ನಡೆದದ್ದು ಕನ್ನಡದೊಳಗೆ.
ಆಚೆ ದಾಟಿಸಿದ ಕ್ಷಣ ಅದು ತಪ್ಪಾಗಿಯೇ ಉಳಿಯುವುದಿಲ್ಲ,
ಬರೀ ಸೋಮಾರಿತನವಾಗುತ್ತದೆ.

ಇಪ್ಪತ್ತೆರಡು ವರ್ಷದಲ್ಲಿ ಜಾಗದ ಕ್ರಯಪತ್ರ ದಾಟಿಸಿದ್ದೇನೆ,
ವಿಚ್ಛೇದನ, ಮರಣಶಾಸನ,
ಒಮ್ಮೆ ಒಂದು ಎಮ್ಮೆಯ ವಿಮೆ.
ಈ ಒಂದು ಸಾಲಿಗೆ ನಾಲ್ಕು ಹಾಳೆ ಹರಿದೆ.

ಕೆಳಗೆ ಝೆರಾಕ್ಸಿನವ ಶಟರು ಎಳೆಯತೊಡಗಿದ.
ಅವಳು ಮೇಜು ಒತ್ತಿ ಎದ್ದಳು, ಮೊದಲು ಎಡಗಾಲು,
ಆಮೇಲೆ ಕಂಬಿಯದ್ದು.
"ನಾಳೆ ಬರಲಾ?"

ನಾಳೆ ಬನ್ನಿ, ಅಂದೆ.
ಆ ಪದ ಎರಡು ಕಡೆಯಲ್ಲೂ ಒಂದೇ.